ಹಾಜರಿಗೊಂದು ವಾಕ್ಯ

ನಮ್ಮ ಇಂಗ್ಲಿಷ್ ಮಾಸ್ತರರ ಬಲಗೈ ತೋರುಬೆರಳಿನ ಉಗುರಿನ ಸುತ್ತ ಯಾವತ್ತೂ ನೀಲಿ ಶಾಯಿ ಒಣಗಿರುತ್ತಿತ್ತು. ಪುಸ್ತಕ ತೆರೆದರೆ ಆ ಬೆರಳು ಮೊದಲು ಸಾಲಿನ ಬಲತುದಿಗೆ ಹೋಗಿ ಕೂರುತ್ತಿತ್ತು. ಅಲ್ಲಿ ಒಂದು ಗಳಿಗೆ ನಿಂತು, ದಾರಿ ತಪ್ಪಿದ್ದು ಗೊತ್ತಾಗಿ ಸರ್ರನೆ ಎಡತುದಿಗೆ ಬರುತ್ತಿತ್ತು. ಹುಟ್ಟಾ ಉರ್ದು ಓದಿದ, ಇಪ್ಪತ್ತು ವರ್ಷ ಉರ್ದು ಕಲಿಸಿದ ಬೆರಳು ಅದು. ಮೈಮೇಲೆ ಕರಿ ಶೇರವಾನಿ, ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ. ಹೊಸದಾಗಿ ನೋಡಿದವರು ಇವರನ್ನು ಯಾವ ಕಡೆಯವರೆಂದು ತಿಳಿಯಬೇಕೋ ಗೊತ್ತಾಗದೆ ಸಲಾಮಿಗೆ ಎತ್ತಿದ ಕೈಗೆ ಇನ್ನೊಂದನ್ನು ಜೋಡಿಸಿಬಿಡುತ್ತಿದ್ದರು.

ನಿಜಾಮರ ಆಳಿಕೆ ಮುಗಿದು, ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಹಾಪುರದ ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ, ಇಂಗ್ಲಿಷು ಬಂದಿದ್ದವು. ಮಾಸ್ತರರಿಗೆ ಮೇಲಿನಿಂದ ಹುಕುಂ ಬಂದಿತ್ತು: ಇಂಗ್ಲಿಷ್ ಕಲಿಸಿ ತೋರಿಸಬೇಕು, ಇಲ್ಲದಿದ್ದರೆ ಹಳ್ಳಿಯ ಸಣ್ಣ ಶಾಲೆಗೆ ಹೋಗಬೇಕು. ಅವರಿಗೆ ಹಳ್ಳಿಯೆಂದರೆ ಅಸಡ್ಡೆಯೇನೂ ಇರಲಿಲ್ಲ. ಆದರೆ ಅವರ ಹೆಂಡತಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ನಾವು ಅಕ್ಕ ಎಂದು ಕರೆಯುತ್ತಿದ್ದ ಆಕೆ ಶಹಾಪುರದಲ್ಲಿಯೇ ಹುಟ್ಟಿದವರು. ಊರ ಹೆಬ್ಬಾಗಿಲ ಅಗಸಿಯಿಂದ ಮನೆಗೆ ಎಷ್ಟು ಹೆಜ್ಜೆ, ಬಾವಿಗೆ ಎಷ್ಟು ಹೆಜ್ಜೆ ಎಂಬುದೆಲ್ಲ ಅವರ ಕಾಲಿಗೇ ಗೊತ್ತಿತ್ತು. ಊರು ಬದಲಾದರೆ ಆಕೆ ಒಂದು ಮೂಲೆಗೆ ಕೂರಬೇಕಾಗುತ್ತದೆಂದು ಇಡೀ ಓಣಿಗೆ ತಿಳಿದಿತ್ತು.

ಹಾಗಾಗಿ ಮಾಸ್ತರರು ಇಂಗ್ಲಿಷಿನ ಬೆನ್ನು ಹತ್ತಿದರು. ನಮಗಿಂತ ನಾಲ್ಕು ಪಾಠ ಮುಂದಿದ್ದರು, ಅಷ್ಟೆ. ಅವರಿಗೆ ಬಹಳ ಹಿಡಿಸಿದ್ದು ಇಂಗ್ಲಿಷಿನ ಜೋಡಿ ಕ್ರಿಯಾಪದಗಳು. ಬೆರಳು ಬಲಗಡೆಯಿಂದ ಹೊರಡುತ್ತಿದ್ದುದರಿಂದ ಎಷ್ಟೋ ಸಲ ಅವರ ಕಣ್ಣಿಗೆ ಹಿಂದಿನ ಸಣ್ಣ ಪದವೇ ಮೊದಲು ಬೀಳುತ್ತಿತ್ತು. ಅದನ್ನೇ ಅವರು ಪಾಠ ಮಾಡಿಕೊಂಡರು.

“ಗಿವ್ ಅಂದ್ರ ಕೊಡೂದು. ಹಿಂದ ಒಂದು ಅಪ್ ಅಂತ ಬಾಲ ಹಚ್ಚಿದ್ರ ಬಿಟ್ಟುಬಿಡೂದು. ಬಾಲ ನೋಡಲಾರದ ದನಾ ಕೊಳ್ಳಬ್ಯಾಡ್ರಿ” ಎನ್ನುತ್ತಿದ್ದರು. “ಇದೇನು ದೊಡ್ಡ ವಿದ್ಯೆ ಅಲ್ಲ. ನಮ್ಮಲ್ಲೂ ಅದ. ನೋಡೂದು ಬ್ಯಾರೆ, ನೋಡಿಕೊಳ್ಳೂದು ಬ್ಯಾರೆ. ಸಂತ್ಯಾಗ ಎಲ್ಲಾರ್ನೂ ನೋಡ್ತೀವಿ. ನೋಡಿಕೊಳ್ಳೂದು ಮನಿ ಮಂದೀನ್ನ ಅಷ್ಟ. ಲುಕ್ ಆಫ್ಟರ್ ಅಂದ್ರ ಅದು.”

ಅದರ ಮುಂದೆ ಬರುವ ‘ಟು’ ಎಂಬುದಕ್ಕೂ ಅವರ ಬಳಿ ಮಾತಿತ್ತು. “ನಾವು ನೋಡಾಕ, ಕೂಡಾಕ ಅಂತ ಆಕ ಅನ್ನೂದು ಹಿಂದ ಕಟ್ತೀವಿ. ಅವರು ಟು ಅಂತ ಮುಂದ ಕಟ್ತಾರ. ಅದ ಚಕ್ಕಡಿ, ಅದ ಹೊರಿ, ಕಟ್ಟೂ ಜಾಗ ಅಷ್ಟ ಬ್ಯಾರೆ.”

ಹಾಜರಿ ತೆಗೆಯುವಾಗ ಅವರದೊಂದು ಪದ್ಧತಿ ಇತ್ತು. ಹೆಸರು ಕೂಗಿದರೆ ‘ಹಾಜರ್’ ಅನ್ನುವಂತಿಲ್ಲ, ‘ಪ್ರೆಸೆಂಟ್ ಸರ್’ ಕೂಡ ಅನ್ನುವಂತಿಲ್ಲ. ಯಾಕೆ ಬಂದಿದ್ದೇವೆಂದು ಹೇಳಬೇಕು, ಅದರಲ್ಲಿ ‘ಟು’ ಇರಬೇಕು, ಹಿಂದೆ ಒಂದು ಜೋಡಿ ಕ್ರಿಯಾಪದ ಇರಬೇಕು. ಐ ಹ್ಯಾವ್ ಕಮ್ ಟು ಸಿಟ್ ಡೌನ್. ಐ ಹ್ಯಾವ್ ಕಮ್ ಟು ಫೈಂಡ್ ಔಟ್. ಒಬ್ಬರು ಹೇಳಿದ್ದನ್ನು ಅವತ್ತು ಇನ್ನೊಬ್ಬರು ಹೇಳುವ ಹಾಗಿಲ್ಲ. ಎಲ್ಲರಿಗಿಂತ ಮೊದಲು ಮಾಸ್ತರರೇ ಎದ್ದು ನಿಂತು ತಮ್ಮ ಹಾಜರಿ ಹೇಳುತ್ತಿದ್ದರು: “ಐ ಹ್ಯಾವ್ ಕಮ್ ಟು ಲುಕ್ ಆಫ್ಟರ್ ಯು.” ಆ ವಾಕ್ಯ ಅವರದು. ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಹಾಜರಿ ಪುಸ್ತಕದಲ್ಲಿ ಗಂಡುಹುಡುಗರ ಹೆಸರು ಮೊದಲು, ನಾವು ಮೂರು ಹುಡುಗಿಯರು ಆಮೇಲೆ. ನಾನು ಇಪ್ಪತ್ತೆಂಟನೆಯವಳು, ಕಟ್ಟಕಡೆಯವಳು. ನನ್ನ ಪಾಳಿ ಬರುವಷ್ಟರಲ್ಲಿ ಸುಲಭದವೆಲ್ಲ ಖಾಲಿಯಾಗಿರುತ್ತಿದ್ದವು. ದಿನಾಲೂ ಹೊಸದೊಂದು ಹುಡುಕುವುದೇ ನನ್ನ ಹಣೆಬರಹ. ಎಷ್ಟು ಸಿಟ್ಟು ಬರುತ್ತಿತ್ತೆಂದು ಏನು ಹೇಳಲಿ! ಆದರೆ ಮುಂದೆ ನನಗೆ ಇಂಗ್ಲಿಷ್ ಬಂದದ್ದು ಆ ಸಿಟ್ಟಿನಿಂದಲೇ.

ಪರೀಕ್ಷೆ ಮಾಡುವ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಮಾಸ್ತರರು ಒಂದು ವಾರ ನಮ್ಮನ್ನು ತಾಲೀಮು ಮಾಡಿಸಿದರು. ಒಬ್ಬೊಬ್ಬರಿಗೂ ಒಂದೊಂದು ವಾಕ್ಯ ಹಂಚಿದರು. ನನ್ನದು ‘ಟು ಕ್ಯಾರಿ ಆನ್’. ಅಂದರೆ ಮುಂದುವರಿಸಿಕೊಂಡು ಹೋಗುವುದು. ಇಪ್ಪತ್ತೆಂಟೂ ವಾಕ್ಯ ಎಲ್ಲರಿಗೂ ಬಾಯಿಪಾಠವಾದವು. ಆಗಿದ್ದೇ ತಪ್ಪಾಯಿತು.

ಸಾಹೇಬರು ಮೈಸೂರ ಕಡೆಯವರು, ಇಸ್ತ್ರಿ ಮಾಡಿದ ಕೋಟು. ಕುರ್ಚಿಯ ಮೇಲೆ ಕೂತು “ಶುರು ಮಾಡಿ ಮೇಷ್ಟ್ರೇ” ಅಂದರು. ಒಂದನೇ ನಂಬರಿನವನು ಹೆದರಿ ಎರಡನೆಯವನ ವಾಕ್ಯ ಹೇಳಿಬಿಟ್ಟ. ಹೇಳಿದ್ದನ್ನೇ ಹೇಳುವಂತಿಲ್ಲವಲ್ಲ, ಎರಡನೆಯವನು ಮೂರನೆಯವನದನ್ನು ಹೇಳಿದ. ಮೂರನೆಯವನು ನಾಲ್ಕನೆಯದಕ್ಕೆ ಕೈ ಹಾಕಿದ. ಒಬ್ಬನಿಗಾದರೂ ಹಿಂದಕ್ಕೆ ಹೋಗಿ ಒಂದನೆಯವನು ಬಿಟ್ಟದ್ದನ್ನು ಹಿಡಿಯುವ ಬುದ್ಧಿ ಬರಲಿಲ್ಲ. ನನ್ನ ಪಕ್ಕದವಳು ಎದ್ದು ನಿಂತು ನನ್ನ ‘ಕ್ಯಾರಿ ಆನ್’ ನುಂಗಿ ಕೂತಳು.

ನಾನು ಎದ್ದೆ. ಒಂದನೆಯವನದು ನನಗೂ ಹೊಳೆಯಲಿಲ್ಲ, ತಲೆಯಲ್ಲಿ ಎರಡೇ ಉಳಿದಿದ್ದವು. ಒಂದು ಮಾಸ್ತರರದು, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಮಾಸ್ತರರು ಯಾರಿಗೂ ಹಂಚದೆ ಬಿಟ್ಟದ್ದು, ಅದೇ ಬಾಯಿಂದ ಹೊರಗೆ ಬಿತ್ತು: “ಐ ಹ್ಯಾವ್ ಕಮ್ ಟು ಗಿವ್ ಅಪ್.”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಮೇಷ್ಟ್ರೇ, ನಿಮ್ಮ ಹುಡುಗಿ ಬಿಟ್ಟುಬಿಡೋಕೆ ಅಂತಾನೇ ಸ್ಕೂಲಿಗೆ ಬಂದಿದ್ದಾಳಂತಲ್ಲ!”

“ವಾಕ್ಯ ಸರಿ ಅದರಿ ಸಾಹೇಬ್ರ” ಎಂದು ಮಾಸ್ತರರು ನನ್ನ ಹಾಜರಿ ಹಾಕಿದರು. ಆ ನಗೆಯಿನ್ನೂ ಮುಗಿದಿರಲಿಲ್ಲ, ಸಾಹೇಬರು ಪುಸ್ತಕ ಮುಂದಿಟ್ಟು “ಈ ಪುಟ ಓದಿ” ಅಂದರು. ಬೆರಳು ಬಲತುದಿಗೆ ಹೋಯಿತು. ಅವತ್ತು ಅದು ಅಲ್ಲಿಯೇ ನಿಂತುಬಿಟ್ಟಿತು. ಸಾಹೇಬರು ಏನೋ ಬರೆದುಕೊಂಡರು.

ತಿಂಗಳು ತುಂಬುವುದರೊಳಗೆ ದೇವಾಪುರದ ಸಣ್ಣ ಶಾಲೆಗೆ ಬದಲಿಯ ಹುಕುಂ ಬಂತು. ನಾನು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಅಳುತ್ತ ಕೂತಿದ್ದೆ. ಮಾಸ್ತರರು ಬಂದು ಎದುರು ನಿಂತರು. “ನಿನ್ನ ಮಾತಿಂದ ಅಲ್ಲವ್ವಾ. ಬೆರಳು ನಂದು” ಅಂದರು. ನಾನು ನಂಬಲಿಲ್ಲ. ಮರುದಿನ ಕೊನೆಯ ಹಾಜರಿಯಲ್ಲಿ ನನ್ನ ಹೆಸರು ಕೂಗಿದಾಗ ಎದ್ದು ನಿಂತೆ. “ಇವತ್ತ ವಾಕ್ಯ ಬ್ಯಾಡ. ಎದ್ದು ನಿಂತೀದಿಯಲ್ಲ, ಹಾಜರಿ ಆತು” ಎಂದು ಪುಸ್ತಕ ಮುಚ್ಚಿದರು.

ನಾನು ಬಿಡಲಿಲ್ಲ, ಓದಿದೆ. ಯಾದಗಿರಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾದೆ. ಹಾಜರಿಯನ್ನು ಅವರ ಹಾಗೆಯೇ ತೆಗೆಯುತ್ತಿದ್ದೆ, ಆದರೆ ಹುಡುಗಿಯರ ಕಡೆಯಿಂದ ಶುರು ಮಾಡುತ್ತಿದ್ದೆ. ಅಷ್ಟು ಸೇಡು ನನಗೂ ಬೇಕಲ್ಲ. ಮಾಸ್ತರರು ನೌಕರಿ ಮುಗಿಸಿ ಸುರಪುರದಲ್ಲಿ ಮನೆ ಮಾಡಿದ್ದಾರೆಂದು ತಿಳಿದಾಗ ನೋಡಲು ಹೋದೆ. ಅಕ್ಕನಿಗೆ ಆಗಲೇ ಪೂರ್ತಿ ಕಣ್ಣು ಹೋಗಿದ್ದವು. ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಆಕೆಯ ಮುಂದೆ ಹೇಳಿಬಿಟ್ಟೆ: “ನನ್ನಿಂದ ನಿಮ್ಮ ಊರು ತಪ್ಪಿತ್ರಿ ಅಕ್ಕ.”

“ಹುಚ್ಚಿ” ಅಂದರು ಅಕ್ಕ. “ದೇವಾಪುರದಾಗ ಇವರ ಬೆರಳ ಹಿಡದ ಅಡ್ಡಾಡೀನಿ. ಶಹಾಪುರದಾಗ ಇದ್ದಿದ್ರ ಇವರು ನನಗ ಬೆರಳ ಎಲ್ಲಿ ಕೊಡ್ತಿದ್ರು?”

ಮಾಸ್ತರರು ನಾಚಿಕೊಂಡು ಆ ಬೆರಳನ್ನು ಶೇರವಾನಿಯ ಕಿಸೆಯಲ್ಲಿಟ್ಟುಕೊಂಡರು. ಅವತ್ತು ಬಸ್ಸಿನಲ್ಲಿ ಯಾದಗಿರಿಯವರೆಗೂ ಹಗುರಾಗಿ ಕೂತಿದ್ದೆ.

ಅವರು ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಬಂತು. ನಾನು ಸುರಪುರ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು, ಮಂದಿ ಚದುರಿದ್ದರು. ಇಲ್ಲಿಯೂ ನಾನೇ ಕಟ್ಟಕಡೆಯವಳು. ಅಕ್ಕ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದರು. ಚಪ್ಪಲಿಯ ಸಪ್ಪಳಕ್ಕೆ ತಲೆಯೆತ್ತಿದರು.

“ಯಾರವಾ? ಯಾಕ ಬಂದೀದಿ?”

ಸಮಾಧಾನದ ಮಾತೆಲ್ಲ ಬೆಳಗಿನಿಂದ ಬಂದವರು ಆಡಿ ಮುಗಿಸಿದ್ದರು. ನನ್ನ ತಲೆಯಲ್ಲಿ ಮಾಸ್ತರರ ವಾಕ್ಯ ಒಂದೇ ಉಳಿದಿತ್ತು. ಅವತ್ತು ಅದನ್ನು ಮುಟ್ಟಿದೆ. ಕೆಳಗೆ ಕೂತು, ನನ್ನ ತೋರುಬೆರಳನ್ನು ಆಕೆಯ ಮುಷ್ಟಿಯಲ್ಲಿಟ್ಟೆ.

“ನಿಮ್ಮನ್ನ ನೋಡಿಕೊಳ್ಳಾಕ ಬಂದೀನ್ರಿ ಅಕ್ಕ.”