ಟಿ.ವಿ.ಯಲ್ಲಿ ಕಂಡ ಹೆಣ್ಣು

ವಿ.ಸಿ.ಆರ್. ಹೊತ್ತುಕೊಂಡು ಮನೆಮನೆಗೆ ಹೋಗಿ ಸಿನಿಮಾ ತೋರಿಸುತ್ತಿದ್ದ ಕಾಲದಲ್ಲಿ ನನಗೆ ಎಂಥೆಂಥವರೋ ಸಿಕ್ಕಿದ್ದಾರೆ. ಆದರೆ ಪುಂಜಾಲಕಟ್ಟೆಯ ಆ ಅಜ್ಜಿಯಂಥವರು ಇನ್ನೊಬ್ಬರಿಲ್ಲ!

ಭಾನುವಾರ ಮಧ್ಯಾಹ್ನ, ಚಾವಡಿಯ ತುಂಬ ಜನ. ರಜೆಗೆಂದು ಮಾವನ ಮನೆಗೆ ಹೋದ ಮಕ್ಕಳಿಗೆ ಅಲ್ಲಿನ ನೆಂಟರೆಲ್ಲ ದೆವ್ವಗಳೆಂದು ಗೊತ್ತಾಗುವ ಸಿನಿಮಾ ಅದು. ಮಕ್ಕಳು ಕಿರುಚುವುದೇನು, ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಗುವುದೇನು! ನನಗೂ ಖುಷಿಯೋ ಖುಷಿ. ಅಷ್ಟರಲ್ಲಿ ಸಿನಿಮಾದಲ್ಲಿ ದೆವ್ವವಾಗಿದ್ದ ಚಿಕ್ಕಮ್ಮ, "ಮದುವೆಯಾಗದೆ ಸತ್ತೆನಲ್ಲಾ!" ಎಂದು ಗೋಳಾಡಿದಳು.

"ನಿಲ್ಲಿಸು ಮಾರಾಯ!" ಮನೆಯ ಅಜ್ಜಿ ಎದ್ದು ನಿಂತಿದ್ದರು.

ಗಾಬರಿಯಲ್ಲಿ ಗುಂಡಿ ಒತ್ತಿದೆ. ಅಜ್ಜಿ ಟಿ.ವಿ.ಯ ಹತ್ತಿರ ಬಂದು, ಪರದೆಯ ಮೇಲೆ ನಡುಗುತ್ತಾ ನಿಂತ ಚಿಕ್ಕಮ್ಮನ ಮುಖವನ್ನು ಹೆಣ್ಣು ನೋಡುವ ಹಾಗೆಯೇ ನೋಡಿದರು.

"ಲಕ್ಷಣ ಉಂಟು. ಯಾವ ಬಳಿಯವಳು, ಯಾವ ಕುಲ? ನಮ್ಮದೇ ಬಳಿಯಾದರೆ ಸಂಬಂಧ ಆಗುವುದಿಲ್ಲ."

ಮದುವೆಯಾಗದೆ ತೀರಿಹೋದವರಿಗೆ, ತೀರಿಹೋದ ಹೆಣ್ಣನ್ನೇ ಹುಡುಕಿ ಮದುವೆ ಮಾಡಿಸುವ ಕ್ರಮ ನಮ್ಮ ಕಡೆ ಉಂಟು. ಇಲ್ಲದಿದ್ದರೆ ಮನೆಗೆ ಉಪದ್ರವಂತೆ. ಚಿಕ್ಕ ಪ್ರಾಯದಲ್ಲೇ ಸತ್ತಿದ್ದ ಅಜ್ಜಿಯ ತಮ್ಮನಿಗೆ ಎಷ್ಟು ಹುಡುಕಿದರೂ ಹೆಣ್ಣು ಸಿಕ್ಕಿರಲಿಲ್ಲ. ಅದೇ ಕಾರಣಕ್ಕೆ ಮೊಮ್ಮಗಳ ಮದುವೆಯೂ ನಿಂತಿತ್ತು.

"ಅಜ್ಜೀ, ಅವಳು ನಟಿ. ಮದ್ರಾಸಿನಲ್ಲಿ ಆರಾಮವಾಗಿ ಇದ್ದಾಳೆ."

"ಛೆ! ಬದುಕಿದ್ದಾಳಾ?" ಅಜ್ಜಿಯ ಮುಖ ಬಾಡಿತು. ಮತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿನಗೆ ಮದುವೆ ಆಗಿದೆಯಾ ಮಗಾ?" ಎಂದು ಕೇಳಿದರು.

ಆ ನೋಟಕ್ಕೆ ಹೆದರಿ ನಾನು ಆ ವರ್ಷವೇ ಮದುವೆಯಾದೆ. ಅಂಥ ಕೆಲಸವನ್ನೆಲ್ಲ ಸತ್ತ ಮೇಲಕ್ಕೆ ಇಟ್ಟುಕೊಳ್ಳಬಾರದು ಮಾರಾಯ್ರೆ.