ತಂಬಿಗೆಯ ಗುರುತಲ್ಲ

ನಾನು ನಿಂತಿದ್ದು ಕಲ್ಯಾಣದ ನಮ್ಮ ಮನೆಯ ನಡುಮನೆಯಲ್ಲಿ, ಮಲಗಿದ್ದ ಅಣ್ಣ ಶಿವರಾಜನ ಎಡಮಗ್ಗುಲಿಗೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು, ಬೇಸಿಗೆಯ ಬೆಳಗು. ಬಾಗಿಲಿನ ಬಿಸಿಲು ನೇರವಾಗಿ ಅವನ ಹೊಟ್ಟೆಯ ಮೇಲಿತ್ತು. ಹಾಗಾಗಿ ನಾನು ಕಂಡದ್ದರಲ್ಲಿ ತಪ್ಪಿಲ್ಲ.

ಹಿಂದಿನ ಸಂಜೆ ಜೋಳದ ಚೀಲ ಎತ್ತುವಾಗ ಅವನಿಗೆ ಒಳಗೆ ಏನೋ ಹರಿದಂತಾಗಿತ್ತು. ಹೊಕ್ಕಳಲ್ಲಿ ಮಿಡಿಯುವ ನಾಡಿಗೆ ನಮ್ಮಲ್ಲಿ ಬಟ್ಟಿ ಎನ್ನುತ್ತಾರೆ. ಭಾರ ಎತ್ತಿದರೆ ಅದು ಸರಿಯುತ್ತದೆಂದು ನಂಬಿಕೆ. ಅವ್ವ ಬೆರಳಿಟ್ಟು ನೋಡಿದಳು. ಮಿಡಿತ ಎಡಕ್ಕಿತ್ತು, ಜೋರಾಗಿತ್ತು.

“ಬಟ್ಟಿ ಸರದದ.”

ಹೊಟ್ಟೆಯ ಮೇಲೆ ಸಣ್ಣ ದೀಪ ಹಚ್ಚಿಟ್ಟು ತಂಬಿಗೆ ಬೋರಲು ಹಾಕಿದಳು. ದೀಪ ಆರಿತು. ತಂಬಿಗೆ ಚರ್ಮವನ್ನು ಕಚ್ಚಿ ಹಿಡಿಯಿತು.

“ದೀಪ ಆಯ್ತು. ಗಂಟಿ ಬಾರ್ಸೋದೊಂದು ಉಳೀತಲ್ಲ ಯವ್ವಾ,” ಎಂದು ಅಣ್ಣ ನಕ್ಕ. ನೋವು ಇಳಿಯಿತೆಂದ. ಮಲಗಿದೆವು.

ಬೆಳಿಗ್ಗೆ ಅವನು ಬೂದಿಯಂತೆ ಬಿಳಿಚಿದ್ದ. ತಣ್ಣನೆಯ ಬೆವರು. ಕಣ್ಣರೆಪ್ಪೆಯ ಒಳಗೂ ಕೆಂಪಿರಲಿಲ್ಲ. ಅಂಗಿ ಎತ್ತಿದೆ.

ಹೊಕ್ಕಳ ಸುತ್ತ ನೀಲಿ.

“ತಂಬಿಗಿ ಗುರ್ತು ಅದು, ಹೋಗ್ತದ,” ಎಂದಳು ಅವ್ವ. ನಾನೂ ನಂಬಿದೆ. ಅತ್ತಿಗೆ ನಂಬಲಿಲ್ಲ, ಗಂಡನನ್ನು ಮೆಲ್ಲಗೆ ಹೊರಳಿಸಿದಳು. ಪಕ್ಕೆಯ ಕೆಳಗಿನಿಂದ ಸೊಂಟದವರೆಗೆ ನೇರಳೆಹಣ್ಣು ಜಜ್ಜಿದಂಥ ಬಣ್ಣ.

“ಅತ್ತಿ, ಇಲ್ಲಿ ಯಾರು ತಂಬಿಗಿ ಇಟ್ಟಾರ್ರಿ?”

ಅವ್ವ ಗಾಡಿ ಕಟ್ಟಲು ಹೇಳಿದಳು.

ಹುಮನಾಬಾದಿನ ದವಾಖಾನೆಯಲ್ಲಿ ಡಾಕ್ಟರು ಹೊಟ್ಟೆಯ ಮೇಲೆ ಹಗುರಾಗಿ ಕೈಯಿಟ್ಟು, ಕೂಡಲೇ ತೆಗೆದರು.

“ಹೊಟ್ಟಿ ತಿಕ್ಕೀರೇನು?”

“ಇಲ್ರಿ ಸಾಹೇಬ್ರ. ತಂಬಿಗಿ ಅಷ್ಟೇ ಇಟ್ಟೇನ್ರಿ,” ಎಂದಳು ಅವ್ವ.

“ತಿಕ್ಕಲಿಲ್ಲ, ಪುಣ್ಯ. ಒಳಗ ರಗತ ಸೋರಾಕತ್ತದ.”

ಅನ್ಯೂರಿಸಂ ಎಂದರು. ರಕ್ತನಾಳ ಉಬ್ಬಿ ಒಡೆದಿತ್ತು. ಸುತ್ತಲಿನ ಮಾಂಸ ಸದ್ಯಕ್ಕೆ ಅದುಮಿ ಹಿಡಿದಿತ್ತು. ಆ ಹಿಡಿತ ತಪ್ಪಿದರೆ ಅಣ್ಣನಿಲ್ಲ. ಅವರೇ ಮೋಟಾರು ಗೊತ್ತುಮಾಡಿ ಹೈದರಾಬಾದಿಗೆ ಕಳಿಸಿದರು. ಪ್ರತಿ ಕುಲುಕಿಗೂ ಅತ್ತಿಗೆ ಅವನ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು. ಅಲ್ಲಿ ಆಪರೇಷನ್ ಮಾಡಿ ನಾಳ ಕಟ್ಟಿದರು.

ನೀಲಿ ಅಂಚಿನಿಂದ ಹಸಿರಾಯಿತು, ಮೆಲ್ಲಗೆ ಹಳದಿಯಾಯಿತು. ದೇಹ ತಾನು ಚೆಲ್ಲಿದ್ದನ್ನು ತಾನೇ ಹೀಗೆ ಒರೆಸಿಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ತಾನೇ ಮಗ್ಗುಲಾಗುವಷ್ಟು ಶಕ್ತಿ ಬಂದ ದಿನ ಅಣ್ಣ ಸೊಂಟ ನೋಡಿಕೊಂಡ.

“ಅರಿಶಿಣ ಹಚ್ಚೀರಲ್ಲ, ಇನ್ನೊಂದು ಲಗ್ನ ಮಾಡಾಕತ್ತೀರೇನು?”

“ಇದ್ದಾಕೀನೇ ಸಾಕ್ರಿ ನಿಮಗ,” ಎಂದು ಅತ್ತಿಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅವ್ವ ಈಗಿಲ್ಲ. ಡಾಕ್ಟರು ಎಲ್ಲಿದ್ದಾರೋ ತಿಳಿಯದು. ಆ ನೀಲಿಯನ್ನು ಕಂಡು ಇನ್ನೂ ಬದುಕಿರುವವರು ನಾನು ಮತ್ತು ಅತ್ತಿಗೆ ಗಂಗಾಬಾಯಿ. ಶಿವರಾಜನೂ ಇದ್ದಾನೆ. ಅವನು ನೋಡಿದ್ದು ಹಳದಿಯನ್ನಷ್ಟೇ.