ರಾಜನಲ್ಲದವನಿಗೆ ಪಕ್ಕದ ಜಾಗ

ಮೊನ್ನೆ ಸಿಡ್ನಿಯ ಕೆಲ್ಲಿವಿಲ್ ಬಡಾವಣೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಹಳೆಯ ಸೂಟ್‌ಕೇಸ್ ತೆರೆದೆ. ಗಪ್ಪನೆ ಧೂಪದ ವಾಸನೆ ಬಂತು. ಮೆಲ್ಬರ್ನ್‌ನಲ್ಲಿ ಓದುವಾಗ ಪಕ್ಕದ ಮನೆಯಲ್ಲಿದ್ದ ಬೌದ್ಧ ಗುರುಗಳು ಕೊಟ್ಟ ಟಿಬೆಟನ್ ಧೂಪ, ಅರ್ಧ ಕಟ್ಟು ಹಾಗೇ ಉಳಿದಿತ್ತು...

ಅವರು ಹುಟ್ಟಿ ಬೆಳೆದದ್ದು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ. ಮೊದಲ ಸಲ ಬೇಲಿಯಾಚೆಯಿಂದ "ಊಟ ಆಯ್ತೇನಪ್ಪಾ?" ಎಂದಾಗ, ಬಟ್ಟೆ ಒಣಹಾಕುತ್ತಿದ್ದ ನಾನು ಕೈಯಲ್ಲಿ ಅಂಗಿ ಹಿಡಿದು ಹಾಗೇ ನಿಂತಿದ್ದೆ. ಎದುರಿಗೆ ನಿಂತವರ ಬಾಯಿಂದ ಕನ್ನಡ ಕೇಳಿ ತಿಂಗಳುಗಳೇ ಆಗಿದ್ದವು.

ಪಿಆರ್‌ಗೆ, ಅಂದರೆ ಆಸ್ಟ್ರೇಲಿಯಾದಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಕಾಯುತ್ತಿದ್ದ ವರ್ಷ ಅದು. ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನಿದ್ದೆ ಹಾರಿಹೋಗಿತ್ತು. ಸನ್ಯಾಸಿಯನ್ನು ಕಂಡರೆ ಭವಿಷ್ಯ ಕೇಳದೆ ಬಿಡುವ ಜನವೇ ನಾವು? ಒಂದು ಭಾನುವಾರ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಹೋಗಿ, ಸೋಫಾದಲ್ಲಿ ಕೂತಿದ್ದ ಗುರುಗಳಿಗೆ ಅಡ್ಡಬಿದ್ದು, ಪಿಆರ್ ಆಗುತ್ತದೆಯೇ ಎಂದು ಕೇಳಿಯೇಬಿಟ್ಟೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆ ರಾಜರೂ ಭಿಕ್ಷುಗಳ ಹತ್ತಿರ ಹೀಗೇ ಬರುತ್ತಿದ್ದರಂತೆ, ಯುದ್ಧ ಗೆಲ್ಲುತ್ತೇನೆಯೇ, ಸಿಂಹಾಸನ ಉಳಿಯುತ್ತದೆಯೇ ಎಂದು. ಭಿಕ್ಷುಗಳು ಭವಿಷ್ಯ ಹೇಳುತ್ತಿರಲಿಲ್ಲ. ತಾವು ಎತ್ತರದಲ್ಲಿ ಕೂತು ರಾಜನನ್ನು ಕೆಳಗೆ ಕೂರಿಸುತ್ತಿದ್ದರಂತೆ. ಅಷ್ಟು ದೊಡ್ಡ ಅಶೋಕ ಚಕ್ರವರ್ತಿಯೂ ಹಾಗೆ ಕೂತೇ ಕಲಿತದ್ದು, ರಾಜರಿಗೆ ಇಳಿಯುವುದೇ ಮೊದಲ ಪಾಠ ಎಂದರು. ನಾನು ತಕ್ಷಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದೆ.

"ಇಳಿಯೋಕೆ ನೀನೇನು ರಾಜನಾ? ಬಾ, ಪಕ್ಕದಲ್ಲಿ ಕೂತ್ಕೋ," ಎಂದು ಸೋಫಾ ತಟ್ಟಿದರು. ಆಮೇಲೆ ಮೆಲ್ಲಗೆ, "ನಾನು ಹುಟ್ಟಿದಾಗಿಂದ ನಮ್ಮ ದೇಶ ಟಿಬೆಟ್‌ಗಾಗಿ ಕಾಯ್ತಾ ಇದ್ದೀನಪ್ಪಾ. ಒಬ್ಬನೇ ಕಾಯಬೇಡ, ಅಷ್ಟೇ," ಎಂದರು.

ಅಂದಿನಿಂದ ಸಂಜೆಗಳಲ್ಲಿ ಇಬ್ಬರೂ ಆ ಸೋಫಾದಲ್ಲಿ ಕೂತು ಕಾದೆವು. ಕುಶಾಲನಗರದ ಸಂತೆ, ಮುಸುಕಿನ ಜೋಳದ ಹೊಲ... ಮಾತು ಅಲ್ಲೇ ಸುತ್ತುತ್ತಿತ್ತು. ಕೊನೆಗೆ ನನಗೆ ಪಿಆರ್ ಬಂತು. ಕೆಲಸ ಹಿಡಿದು ಸಿಡ್ನಿಗೆ ಬಂದೆ. ಈ ಮನೆಯ ಗೃಹಪ್ರವೇಶಕ್ಕೆ ಕರೆದಾಗ, ಚಳಿ ಕಳೆಯಲಿ, ಬರುತ್ತೇನೆ ಎಂದಿದ್ದರು. ಆ ಚಳಿಗಾಲವನ್ನು ಅವರು ದಾಟಲಿಲ್ಲ...

ಮೊನ್ನೆ ಆ ಧೂಪ ಹಚ್ಚಿ, ನಮ್ಮ ಮನೆಯ ಸೋಫಾದ ಒಂದು ತುದಿಗೆ, ಪಕ್ಕದ ಜಾಗ ಖಾಲಿ ಬಿಟ್ಟು ಕೂತೆ. ಅವರು ಬಹಳ ನೆನಪಾದರು. ಮಗಳು ಬಂದು, "ಹೂ ಆರ್ ಯೂ ವೇಟಿಂಗ್ ಫಾರ್, ಅಪ್ಪಾ?" ಎಂದಳು. ಪಕ್ಕದ ಜಾಗ ತಟ್ಟಿದೆ. ಅವಳು ಬಂದು ಕೂತಳು. ಗುರುಗಳು ಇನ್ನು ಬರುವುದಿಲ್ಲ ಎಂದು ಗೊತ್ತಿದ್ದೂ, ಧೂಪ ಉರಿದು ಮುಗಿಯುವವರೆಗೆ ಇಬ್ಬರೂ ಕಾದೆವು.